ಊರಿನ ಅಳತೆ, ಕೇರಿಯ ಅಳತೆ

ಅಕ್ಕಿ ಅಳೆಯುವ ಸೇರಿನಲ್ಲಿ ಯಾರೂ ಮಲ್ಲಿಗೆ ಹೂವನ್ನು ಅಳೆಯುವುದಿಲ್ಲ. ಹೂವಿಗೆ ಮೊಳ ಬೇಕು, ಹಾಲಿಗೆ ಪಾವು ಬೇಕು, ಚಿನ್ನಕ್ಕೆ ಅಕ್ಕಸಾಲಿಗರ ಚಿಕ್ಕ ತಕ್ಕಡಿಯೇ ಬೇಕು. ಅಳೆಯುವ ಸಾಧನ ಹೊಂದದೇ ಹೋದರೆ ಲೆಕ್ಕ ಸರಿಯಿದ್ದೂ ಫಲಿತಾಂಶ ಸುಳ್ಳಾಗುತ್ತದೆ ಎಂಬ ತಿಳಿವಳಿಕೆ ಸಂಸಾರ ತೂಗಿಸುವ ಹೆಣ್ಣುಮಕ್ಕಳಿಗೆಲ್ಲ ಇದೆ. ಒಂದು ನಗರದಲ್ಲಿ ಯಾರು ಯಾರ ಪಕ್ಕದಲ್ಲಿ ವಾಸಿಸುತ್ತಾರೆ, ಯಾರು ಯಾರಿಂದ ದೂರ ಇದ್ದಾರೆ ಅಥವಾ ಇರಿಸಲ್ಪಟ್ಟಿದ್ದಾರೆ ಎಂಬುದನ್ನು ಒಂದೇ ಒಂದು ಅಂಕಿಯಲ್ಲಿ ಹೇಳಲು ಸಮಾಜಶಾಸ್ತ್ರಜ್ಞರು ಬಹುಕಾಲದಿಂದ ಪಟ್ಟಿರುವ ಶ್ರಮವನ್ನು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಸೇರು-ಮೊಳಗಳ ವಿವೇಕವೇ.

‘ವಸತಿ ಪ್ರತ್ಯೇಕತೆ’ ಎಂಬ ಶಬ್ದ ಕೇಳಲು ಭಾರವಾಗಿದೆ. ವಿಷಯ ಮಾತ್ರ ನಮಗೆ ಅಪರಿಚಿತವಲ್ಲ. ಬಾಡಿಗೆ ಮನೆಯ ಗೇಟಿಗೆ ತೂಗುಹಾಕಿದ ‘ಟು ಲೆಟ್’ ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿರುತ್ತದೆ. ಬೋರ್ಡಿನಲ್ಲಿ ಇಲ್ಲದಿದ್ದರೆ ಮಾತಿನಲ್ಲಿ ಬರುತ್ತದೆ. ‘ನೀವು ಯಾವ ಕಡೆಯವರು?’, ‘ಮನೇಲಿ ಎಷ್ಟು ಜನ?’, ‘ಊಟ-ಗೀಟ ಹೇಗೆ?’ ಎಂಬ ಮೂರು ಪ್ರಶ್ನೆಗಳಾಗುವಷ್ಟರಲ್ಲಿ ಕೇಳಬೇಕಾದದ್ದನ್ನೆಲ್ಲ ಕೇಳಿ ಆಗಿರುತ್ತದೆ. ‘ಯಜಮಾನರನ್ನ ಕೇಳಿ ಹೇಳ್ತೀವಿ’ ಎಂದ ಮೇಲೆ ಆ ಮನೆಯಿಂದ ಫೋನು ಬರುವುದಿಲ್ಲ. ಇಡೀ ಸಂಭಾಷಣೆ ಬಹುತೇಕ ನಡೆಯುವುದು ಇಬ್ಬರು ಹೆಂಗಸರ ನಡುವೆ. ಒಬ್ಬಾಕೆ ಹೊಸ್ತಿಲ ಒಳಗೆ, ಇನ್ನೊಬ್ಬಾಕೆ ಹೊರಗೆ. ನಗರಗಳ ನಕ್ಷೆಯನ್ನು ಬರೆಯುವವರು ಎಂಜಿನಿಯರುಗಳು ಎಂದು ನಾವು ತಿಳಿದಿರುತ್ತೇವೆ. ಅದರ ಒಂದು ಪಾಲು ಹೀಗೆ ಹೊಸ್ತಿಲುಗಳಲ್ಲಿ ಬರೆಯಲ್ಪಡುತ್ತದೆ.

ಈ ನಕ್ಷೆ ಹೊಸದೇನಲ್ಲ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ನಡೆದಾಡಿದರೆ ಸಾಕು: ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಕುರುಬರಪೇಟೆ, ನಗರ್ತಪೇಟೆ. ಬೀದಿಯ ಹೆಸರೇ ಅಲ್ಲಿದ್ದವರ ಕಸುಬನ್ನೂ ಕುಲವನ್ನೂ ಹೇಳುತ್ತದೆ. 1809ರಲ್ಲಿ ಬ್ರಿಟಿಷರ ದಂಡು ಬಂದ ಮೇಲೆ ಪೇಟೆಯ ಪಕ್ಕದಲ್ಲೇ ಇನ್ನೊಂದು ಊರು ಬೆಳೆಯಿತು. ಎರಡೂ ಒಂದೇ ನಗರಸಭೆಯಡಿ ಬಂದದ್ದು 1949ರಲ್ಲಿ. ಹೆಸರುಗಳಿದ್ದಾಗ ಅಳತೆಯ ಅಗತ್ಯವಿರಲಿಲ್ಲ. ಹೊಸ ಬಡಾವಣೆಗಳಿಗೆ ದೇಶಭಕ್ತರ, ದೇವರ, ಬ್ಯಾಂಕುಗಳ ಹೆಸರು ಬಂದಮೇಲೆ, ಯಾರು ಎಲ್ಲಿದ್ದಾರೆ ಎಂಬುದು ಫಲಕದಿಂದ ಅಳಿಸಿಹೋಯಿತು. ನೆಲದಿಂದಲೂ ಅಳಿಸಿತೇ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಬೇಕೆಂದರೆ ಅಳೆಯಬೇಕು.

ಅಳೆಯುವ ಈ ಕೆಲಸದ ಆರಂಭದ ಪುಟಗಳಲ್ಲಿ ಹೆಂಗಸರ ಕೈಬರಹ ಇದೆ ಎಂಬುದು ನನಗೆ ಸಂತೋಷದ ಸಂಗತಿ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯರು ಅಮೆರಿಕದ ಷಿಕಾಗೋ ನಗರದ ಬಡ ವಲಸಿಗರ ಮಧ್ಯೆ ‘ಹಲ್ ಹೌಸ್’ ಎಂಬ ಸೇವಾನಿವಾಸ ತೆರೆದರು. ಅಲ್ಲಿಗೆ ಬಂದು ಸೇರಿದವರಲ್ಲಿ ಫ್ಲಾರೆನ್ಸ್ ಕೆಲ್ಲಿ ಒಬ್ಬರು. 1893ರಲ್ಲಿ ಅಮೆರಿಕ ಸರ್ಕಾರ ದೊಡ್ಡ ನಗರಗಳ ಕೊಳೆಗೇರಿಗಳ ಸಮೀಕ್ಷೆ ಮಾಡಿಸಿದಾಗ ಷಿಕಾಗೋದ ಹೊಣೆ ಈಕೆಯ ಪಾಲಿಗೆ ಬಂತು. ಹಲ್ ಹೌಸಿನ ಪೂರ್ವಕ್ಕಿದ್ದ ಸುಮಾರು ಮೂರನೇ ಒಂದು ಚದರ ಮೈಲಿ ಜಾಗದಲ್ಲಿ ಮನೆಮನೆ ಹೊಕ್ಕು ಕೇಳಿ ಬರೆದುಕೊಂಡರು. ಆ ಅಂಕಿಗಳನ್ನು ಬಣ್ಣದ ನಕ್ಷೆಗಳಾಗಿ ಮಾಡಿ, ಜೊತೆಗೆ ಪ್ರಬಂಧಗಳನ್ನು ಸೇರಿಸಿ 1895ರಲ್ಲಿ ‘ಹಲ್ ಹೌಸ್ ಮ್ಯಾಪ್ಸ್ ಅಂಡ್ ಪೇಪರ್ಸ್’ ಎಂಬ ಪುಸ್ತಕ ತಂದರು. ನಕ್ಷೆಗಳಿಗೆ ಟಿಪ್ಪಣಿ ಬರೆದಾಕೆ ಆಗ್ನೆಸ್ ಹಾಲ್‌ಬ್ರೂಕ್.

ನಕ್ಷೆಗಳು ಎರಡು ಬಗೆಯವು. ಒಂದರಲ್ಲಿ ಯಾವ ದೇಶದಿಂದ ಬಂದವರು ಎಲ್ಲಿದ್ದಾರೆ ಎಂಬ ವಿವರ. ಅಷ್ಟು ಚಿಕ್ಕ ಜಾಗದಲ್ಲಿ 18 ದೇಶಗಳ ಜನ ಸಿಕ್ಕಿದ್ದರು. ಇನ್ನೊಂದರಲ್ಲಿ ಒಂದೊಂದು ಕುಟುಂಬದ ವಾರದ ಗಳಿಕೆ ಎಷ್ಟು ಎಂಬ ವಿವರ. ಇವರ ಅಳತೆಯ ಘಟಕ ಒಂದೊಂದು ಮನೆಯ ನಿವೇಶನ. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ ಮಾಡಿದ ಬಡತನದ ನಕ್ಷೆಗಳು ಇವರಿಗೆ ಮಾದರಿಯಾಗಿದ್ದವು ನಿಜ. ಆದರೆ ಇವರು ಆ ಬೀದಿಯಲ್ಲೇ ವಾಸವಿದ್ದು ಬರೆದವರು. ಕಸದ ತೊಟ್ಟಿ ಎಲ್ಲಿ ತುಂಬಿ ಸುರಿಯುತ್ತದೆ, ಯಾವ ಮನೆಯ ಹಿಂದಿನ ಕೋಣೆಯಲ್ಲಿ ಹೆಂಗಸರು ರಾತ್ರಿಯಿಡೀ ಬಟ್ಟೆ ಹೊಲಿಯುತ್ತಾರೆ ಎಂಬುದು ಅವರಿಗೆ ನೆರೆಯವರಾಗಿ ಗೊತ್ತಿತ್ತು. ಅಂಕಿ ಮತ್ತು ಅನುಭವ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕೂತಿರುವುದೇ ಆ ಕೃತಿಯ ಹೆಚ್ಚುಗಾರಿಕೆ.

ಹಾಗೆಂದು ಆ ನಕ್ಷೆಯನ್ನು ಪೂಜೆಗಿಡಬೇಕಾಗಿಲ್ಲ. ಗಳಿಕೆಯ ನಕ್ಷೆಯಲ್ಲಿ ವೇಶ್ಯಾಗೃಹಗಳಿಗೆ ಬಿಳಿಯ ಬಣ್ಣ. ಮಿಕ್ಕೆಲ್ಲರ ದುಡಿಮೆಗೆ ಡಾಲರಿನ ಲೆಕ್ಕದಲ್ಲಿ ಕಪ್ಪು, ನೀಲಿ, ಕೆಂಪು ಇತ್ಯಾದಿ ಬಣ್ಣಗಳಿದ್ದರೆ, ಈ ಹೆಂಗಸರ ಮನೆಗಳು ಗಳಿಕೆಯ ಲೆಕ್ಕದಿಂದಲೇ ಹೊರಗೆ. ಗೌರವಸ್ಥ ಬಡವರ ಬಣ್ಣದಲ್ಲಿ ಇವರನ್ನು ಸೇರಿಸುವುದು ಸರಿಯಲ್ಲ ಎಂಬ ಭಾವನೆ ಅದರ ಹಿಂದಿದೆ. ಎಷ್ಟೇ ಸಹಾನುಭೂತಿಯಿಂದ ಅಳೆದರೂ ಅಳೆಯುವವರ ಸಂಕೋಚ ನಕ್ಷೆಯೊಳಗೆ ಒಂದು ಖಾಲಿ ಜಾಗವಾಗಿ ಉಳಿದುಬಿಡುತ್ತದೆ. ಮುಂದಿನ ಎಲ್ಲ ಅಳತೆಗಳನ್ನು ಓದುವಾಗಲೂ ಈ ಖಾಲಿ ಜಾಗ ಎಲ್ಲಿದೆ ಎಂದು ಹುಡುಕುವುದು ಒಳ್ಳೆಯ ಅಭ್ಯಾಸ.

ಹಲ್ ಹೌಸಿನ ನಕ್ಷೆ ಚೆಂದ. ಆದರೆ ಎರಡು ನಗರಗಳನ್ನು ಹೋಲಿಸಬೇಕೆಂದರೆ, ಹತ್ತು ವರ್ಷಗಳಲ್ಲಿ ಹೆಚ್ಚಿತೋ ಕಡಿಮೆಯಾಯಿತೋ ಹೇಳಬೇಕೆಂದರೆ, ಬಣ್ಣ ಸಾಲದು, ಅಂಕಿ ಬೇಕು. ಈ ಕೊರತೆಯನ್ನು ತುಂಬಿದವರು ಓಟಿಸ್ ಡಡ್ಲಿ ಡಂಕನ್ ಮತ್ತು ಬೆವರ್ಲಿ ಡಂಕನ್. ಆ ಕಾಲಕ್ಕೆ ಬಳಕೆಯಲ್ಲಿದ್ದ ಹಲವು ಸೂಚ್ಯಂಕಗಳನ್ನು ತೂಗಿ ನೋಡಿ 1955ರಲ್ಲಿ ಅವರು ಬರೆದ ಲೇಖನದಿಂದ ಒಂದು ಅಳತೆ ಪ್ರಸಿದ್ಧವಾಯಿತು. ಅದನ್ನು ‘ಡಿಸ್ಸಿಮಿಲಾರಿಟಿ ಇಂಡೆಕ್ಸ್’ ಎನ್ನುತ್ತಾರೆ. ನಾವು ಭಿನ್ನತೆಯ ಸೂಚ್ಯಂಕ ಎನ್ನೋಣ. ಹೆಸರಿಗೆ ಹೆದರಬೇಕಾಗಿಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು.

ಒಂದು ಸಣ್ಣ ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಹಸಿರು ಬಾಗಿಲಿನ 400 ಮನೆ, ನೀಲಿ ಬಾಗಿಲಿನ 100 ಮನೆ. ಊರಿಗೆ ನಾಲ್ಕು ವಾರ್ಡು. ಹಸಿರು ಬಾಗಿಲಿನವರು ಪ್ರತಿ ವಾರ್ಡಿನಲ್ಲೂ 100. ನೀಲಿ ಬಾಗಿಲಿನವರು ಮೊದಲ ಎರಡು ವಾರ್ಡುಗಳಲ್ಲಿ ಹತ್ತು ಹತ್ತು, ಮೂರನೆಯದರಲ್ಲಿ 20, ನಾಲ್ಕನೆಯದರಲ್ಲಿ 60. ಹಸಿರಿನವರಂತೆ ನೀಲಿಯವರೂ ಸಮನಾಗಿ ಹರಡಿಕೊಳ್ಳಬೇಕಾದರೆ ಪ್ರತಿ ವಾರ್ಡಿನಲ್ಲೂ 25 ಇರಬೇಕಿತ್ತು. ಅಂದರೆ ನಾಲ್ಕನೆಯ ವಾರ್ಡಿನಿಂದ 35 ಮನೆಯವರು ಗಂಟುಮೂಟೆ ಕಟ್ಟಿ ಬೇರೆ ವಾರ್ಡುಗಳಿಗೆ ಹೋಗಬೇಕು. ನೂರಕ್ಕೆ 35, ಆ ಊರಿನ ಸೂಚ್ಯಂಕ 35. ಪೂರ್ತಿ ಬೆರೆತಿದ್ದರೆ ಸೊನ್ನೆ, ಒಂದು ವಾರ್ಡಿನಲ್ಲೂ ಇಬ್ಬರೂ ಒಟ್ಟಿಗಿಲ್ಲದಿದ್ದರೆ 100. ಅಮೆರಿಕದವರ ವಾಡಿಕೆಯಲ್ಲಿ 30ಕ್ಕಿಂತ ಕಡಿಮೆಯಾದರೆ ಪರವಾಗಿಲ್ಲ, 60 ದಾಟಿದರೆ ಬಹಳ ಹೆಚ್ಚು. ನಮ್ಮ ಊರು ನಡುವಿನದು. ಪುರಸಭೆಯ ಅಧ್ಯಕ್ಷರು ‘ನಮ್ಮಲ್ಲಿ ಅಂಥ ಭೇದವೇನೂ ಇಲ್ಲ’ ಎಂದು ಭಾಷಣ ಮಾಡಬಹುದು.

ಈಗ ಅದೇ ಊರಿನಲ್ಲಿ ಒಂದು ಸುತ್ತು ನಡೆದು ನೋಡೋಣ. ಪ್ರತಿ ವಾರ್ಡಿನ ತುದಿಯಲ್ಲೂ, ಚರಂಡಿ ದಾಟಿದ ಮೇಲೆ, ಒಂದು ಬೀದಿ ಇದೆ. ಆ ವಾರ್ಡಿನ ನೀಲಿ ಬಾಗಿಲಿನ ಮನೆಗಳೆಲ್ಲ ಆ ಬೀದಿಯಲ್ಲೇ ಇವೆ. ಅಲ್ಲಿ ಒಂದೂ ಹಸಿರು ಬಾಗಿಲಿಲ್ಲ. ಮಿಕ್ಕ ಬೀದಿಗಳಲ್ಲಿ ಒಂದೂ ನೀಲಿ ಬಾಗಿಲಿಲ್ಲ. ಸೂಚ್ಯಂಕವನ್ನು ವಾರ್ಡಿನ ಬದಲು ಬೀದಿಯ ಲೆಕ್ಕದಲ್ಲಿ ಹಾಕಿದರೆ ಎಷ್ಟು ಬರುತ್ತದೆ? 100. ಊರು ಅದೇ, ಮನೆಗಳು ಅವೇ, ಜನ ಅವರೇ. ವಾರ್ಡಿನ ಸೇರಿನಲ್ಲಿ ಅಳೆದರೆ 35, ಬೀದಿಯ ಮೊಳದಲ್ಲಿ ಅಳೆದರೆ 100. ಇದು ಗಣಿತದ ತಪ್ಪಲ್ಲ. ಏನನ್ನು ‘ನೆರೆ’ ಎಂದು ಕರೆಯುತ್ತೇವೆ ಎಂಬ ತೀರ್ಮಾನದ ಪರಿಣಾಮ.

ಷಿಕಾಗೋದಲ್ಲಿ ಈ ತೊಂದರೆ ಅಷ್ಟಾಗಿ ಕಾಡಲಿಲ್ಲ. ಅಲ್ಲಿ ಕಪ್ಪು ವರ್ಣೀಯರನ್ನು ನಗರದ ದಕ್ಷಿಣ ಭಾಗದ ವಿಶಾಲ ಪಟ್ಟಿಯೊಂದಕ್ಕೆ ತಳ್ಳಲಾಗಿತ್ತು. ಬಿಳಿಯರಲ್ಲದವರಿಗೆ ಮಾರಕೂಡದು ಎಂದು ಮನೆಯ ಪತ್ರಗಳಲ್ಲೇ ಕರಾರು ಬರೆಸುತ್ತಿದ್ದರು. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1948ರಲ್ಲಿ ಹೇಳಿತು, ಮನೆ ನಿರಾಕರಣೆಯ ವಿರುದ್ಧ ಕಾಯಿದೆ 1968ರಲ್ಲಿ ಬಂತು. ಆದರೂ 1970ರಲ್ಲಿ ಷಿಕಾಗೋದ ಕಪ್ಪು-ಬಿಳಿ ಸೂಚ್ಯಂಕ 90ನ್ನು ದಾಟಿತ್ತು ಎಂಬುದನ್ನು ಡಗ್ಲಾಸ್ ಮ್ಯಾಸಿ ಮತ್ತು ನ್ಯಾನ್ಸಿ ಡೆಂಟನ್ 1993ರ ತಮ್ಮ ಪುಸ್ತಕ ‘ಅಮೆರಿಕನ್ ಅಪಾರ್ತೈಡ್’ನಲ್ಲಿ ಎತ್ತಿ ತೋರಿಸಿದರು. ಅಷ್ಟು ದೊಡ್ಡ ಹರವಿನ ಬೇರ್ಪಡೆಯನ್ನು ಯಾವ ಸೇರಿನಲ್ಲಿ ಅಳೆದರೂ ಅದು ಕಾಣಿಸುತ್ತದೆ.

ನಮ್ಮದು ಊರು-ಕೇರಿಯ ದೇಶ. ಇಲ್ಲಿ ಬೇರ್ಪಡೆ ಎಂದರೆ ನಗರದ ಒಂದು ದೊಡ್ಡ ಭಾಗವೇ ಬೇರೆಯಾಗುವುದಲ್ಲ. ಪ್ರತಿ ಊರಿಗೂ ಒಂದು ಕೇರಿ ಅಂಟಿಕೊಂಡಿರುವುದು. ಹಳ್ಳಿಗಳು ನಗರದ ಹೊಟ್ಟೆಗೆ ಸೇರಿದಾಗ ಆ ಕೇರಿಗಳೂ ಸೇರಿದವು. 2011ರಲ್ಲಿ ಬೆಂಗಳೂರಿಗೆ 198 ವಾರ್ಡುಗಳಿದ್ದವು; ಒಂದೊಂದರಲ್ಲಿ ಸರಾಸರಿ 40 ಸಾವಿರಕ್ಕೂ ಹೆಚ್ಚು ಜನ. ಒಂದು ತಾಲೂಕು ಪಟ್ಟಣದಷ್ಟು ಜನರನ್ನು ‘ಒಂದೇ ನೆರೆ’ ಎಂದು ಎಣಿಸಿದರೆ ಅದರೊಳಗಿನ ಕೇರಿ ಹೇಗೆ ಕಂಡೀತು?

ಇಷ್ಟು ದೊಡ್ಡ ಸೇರಿನಲ್ಲಿ ಅಳೆದಾಗಲೂ ಕಂಡದ್ದು ಕಡಿಮೆಯೇನಲ್ಲ. ತ್ರಿನಾ ವಿದ್ಯಾತಿಲ್ ಮತ್ತು ಗಾಯತ್ರಿ ಸಿಂಗ್ ಎಂಬಿಬ್ಬರು ಸಂಶೋಧಕಿಯರು 2001ರ ಜನಗಣತಿಯ ವಾರ್ಡುವಾರು ಅಂಕಿಗಳನ್ನಿಟ್ಟುಕೊಂಡು ದೇಶದ ಏಳು ಅತಿ ದೊಡ್ಡ ನಗರಗಳ ಬಗ್ಗೆ 2012ರಲ್ಲಿ ಒಂದು ಲೇಖನ ಪ್ರಕಟಿಸಿದರು. ನಗರಗಳಲ್ಲಿ ಜನ ಬೇರ್ಪಟ್ಟಿರುವುದು ಆರ್ಥಿಕ-ಸಾಮಾಜಿಕ ಅಂತಸ್ತಿಗಿಂತ ಹೆಚ್ಚಾಗಿ ಜಾತಿಯಿಂದ ಎಂಬುದು ಅವರ ಮುಖ್ಯ ಮಾತು. ‘ಈಗ ಎಲ್ಲ ದುಡ್ಡಿನ ಮೇಲೆ ನಿಂತಿದೆ, ಜಾತಿ ಯಾರು ಕೇಳ್ತಾರೆ’ ಎನ್ನುವವರಿಗೆ ಇದು ಉತ್ತರ. ಆಮೇಲೆ 2018ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನಿಂದ ನವೀನ್ ಭಾರತಿ, ದೀಪಕ್ ಮಲಘಾಣ ಮತ್ತು ಅಂದಲೀಬ್ ರಹಮಾನ್ ಅವರ ಕಾರ್ಯಪತ್ರವೊಂದು ಹೊರಬಂತು. ಇವರು ವಾರ್ಡನ್ನು ಬಿಟ್ಟು 2011ರ ಗಣತಿ ಬ್ಲಾಕಿಗೆ ಇಳಿದರು. ಗಣತಿ ಬ್ಲಾಕೆಂದರೆ ಒಬ್ಬ ಗಣತಿದಾರರು ಸುತ್ತಬಹುದಾದ, ನೂರು-ನೂರಿಪ್ಪತ್ತೈದು ಮನೆಗಳಷ್ಟಿರುವ ತುಣುಕು. ಬೆಂಗಳೂರು, ಚೆನ್ನೈ, ದೆಹಲಿ, ಕೊಲ್ಕತ್ತಾ, ಮುಂಬಯಿ ಐದೂ ನಗರಗಳಲ್ಲಿ ವಾರ್ಡಿನೊಳಗಿನ ಬೇರ್ಪಡೆ ವಾರ್ಡಿನ ಸರಾಸರಿಯಲ್ಲಿ ಅಡಗಿ ಕೂತಿರುವುದನ್ನು ಅವರು ತೋರಿಸಿದರು. ನಮ್ಮ ಹಸಿರು-ನೀಲಿ ಬಾಗಿಲಿನ ಊರಿನ ಕತೆ ಬರೀ ಕಲ್ಪನೆಯಲ್ಲ ಎಂದಾಯಿತು.

ಈ ಸೂಚ್ಯಂಕದ ಬಗ್ಗೆ ನನಗಿರುವ ಮೊದಲ ತಕರಾರು ಅದನ್ನು ವಿವರಿಸುವ ವಾಕ್ಯದ ಮೇಲೆ. ‘ಸಮನಾಗಲು ನೀಲಿ ಬಾಗಿಲಿನ ನೂರರಲ್ಲಿ 35 ಮನೆಯವರು ಸ್ಥಳ ಬದಲಿಸಬೇಕು.’ ಪುಸ್ತಕಗಳಲ್ಲಿ ಈ ವಾಕ್ಯ ಹೆಚ್ಚಾಗಿ ಹೀಗೆಯೇ ಬರುತ್ತದೆ: ಚಿಕ್ಕ ಗುಂಪೇ ಕದಲಬೇಕು. ಲೆಕ್ಕದ ಪ್ರಕಾರ ಹಸಿರು ಬಾಗಿಲಿನ ನೂರಕ್ಕೆ 35ರಷ್ಟು, ಅಂದರೆ 140 ಮನೆಯವರು ಎದ್ದು ನಾಲ್ಕನೆಯ ವಾರ್ಡಿಗೆ ಹೋದರೂ ಸೂಚ್ಯಂಕ ಸೊನ್ನೆಯೇ ಆಗುತ್ತದೆ. ಗಣಿತಕ್ಕೆ ಪಕ್ಷಪಾತವಿಲ್ಲ, ಅದನ್ನು ಮಾತಿಗಿಳಿಸುವವರಿಗೆ ಇದೆ. ಮದುವೆಯಾದಾಗ ಯಾರು ಮನೆ ಬಿಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳದಿರುವ ಸಮಾಜದಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಈ ವಾಕ್ಯರಚನೆಯ ಗುಟ್ಟು ಬೇಗ ಅರ್ಥವಾಗುತ್ತದೆ.

ಎರಡನೆಯ ತಕರಾರು ‘ಐಸೊಲೇಷನ್’ ಎಂಬ ಇನ್ನೊಂದು ಅಳತೆಯ ಬಗ್ಗೆ. ಒಬ್ಬರ ನೆರೆಯಲ್ಲಿ ಅವರದೇ ಗುಂಪಿನವರ ಪಾಲು ಸರಾಸರಿ ಎಷ್ಟು ಎಂದು ಅದು ಹೇಳುತ್ತದೆ. ನಮ್ಮ ಊರಿನ ವಾರ್ಡುಗಳಲ್ಲಿ ಲೆಕ್ಕ ಹಾಕಿದರೆ ನೀಲಿಯವರಿಗೆ ಅದು ನೂರಕ್ಕೆ ಸುಮಾರು 28, ಹಸಿರಿನವರಿಗೆ ಸುಮಾರು 82. ಹಸಿರಿನವರು ಊರಿನಲ್ಲಿ ಹೆಚ್ಚಿರುವುದರಿಂದ ಇದು ಸಹಜ, ಬೆರೆತಿದ್ದರೂ 80 ಬರುತ್ತಿತ್ತು ಎಂದು ಶಾಸ್ತ್ರಜ್ಞರು ಹೇಳುತ್ತಾರೆ. ಒಪ್ಪಬೇಕಾದ ಮಾತೇ. ಆದರೂ ತಮ್ಮಂಥವರಲ್ಲದ ಒಬ್ಬರ ಅಡುಗೆಮನೆಯ ವಾಸನೆಯನ್ನೂ ಅರಿಯದೆ, ಒಬ್ಬರ ಹಬ್ಬದ ದಿನ ಯಾವುದೆಂದೂ ತಿಳಿಯದೆ ಹುಟ್ಟಿ ಬೆಳೆದು ಮದುವೆಯಾಗಿ ಹೋಗುವ ಹುಡುಗಿ ಇರುವುದು ಹಸಿರು ಬಾಗಿಲಿನ ಬೀದಿಯಲ್ಲಿ. ಆ ಬೀದಿಯನ್ನು ಯಾರೂ ‘ಪ್ರತ್ಯೇಕ’ ಎನ್ನುವುದಿಲ್ಲ, ‘ಒಳ್ಳೆಯ ಏರಿಯಾ’ ಎನ್ನುತ್ತಾರೆ.

ಮೂರನೆಯದು ಇನ್ನೂ ಮುಖ್ಯವಾದದ್ದು. ಈ ಅಳತೆಗಳೆಲ್ಲ ರಾತ್ರಿಯ ಅಳತೆಗಳು. ಯಾರು ಎಲ್ಲಿ ಮಲಗುತ್ತಾರೆ ಎಂಬುದನ್ನು ಮಾತ್ರ ಅವು ಎಣಿಸುತ್ತವೆ. ಬೆಳಗಿನ ಆರು ಗಂಟೆಗೆ ಚರಂಡಿ ದಾಟಿ ಬಂದು ಅಂಗಳ ಗುಡಿಸಿ, ಪಾತ್ರೆ ತೊಳೆದು, ಮಗುವಿಗೆ ನೀರೆರೆದು ಹೋಗುವಾಕೆ ನಗರದ ಎರಡೂ ಭಾಗಗಳನ್ನು ದಿನವೂ ಹೊಲಿಯುತ್ತಾಳೆ. ಆದರೆ ಅವಳ ಈ ನಡಿಗೆ ಯಾವ ಸೂಚ್ಯಂಕದಲ್ಲೂ ಇಲ್ಲ. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅಮೆರಿಕದ ದಕ್ಷಿಣದ ಹಳೆಯ ಊರುಗಳಲ್ಲಿ, ಚಾರ್ಲ್ಸ್‌ಟನ್‌ನಂಥ ಕಡೆ, ಬಿಳಿಯರ ದೊಡ್ಡ ಮನೆಗಳ ಹಿಂದಿನ ಓಣಿಗಳಲ್ಲೇ ಕಪ್ಪು ಆಳುಗಳು ವಾಸಿಸುತ್ತಿದ್ದರು. ಅಲ್ಲಿ ಸೂಚ್ಯಂಕ ತೆಗೆದರೆ ಕಡಿಮೆ ಬರುತ್ತದೆ. ಕಡಿಮೆ ಬಂದ ಮಾತ್ರಕ್ಕೆ ಆ ಊರು ಷಿಕಾಗೋಗಿಂತ ನ್ಯಾಯವಂತ ಎನ್ನಲಾದೀತೆ? ದಂಡಿನ ಬಂಗಲೆಗಳ ಹಿತ್ತಿಲಿನ ಔಟ್‌ಹೌಸುಗಳಲ್ಲಿ ಸಂಸಾರ ಹೂಡಿದವರಿಗೂ ಮುಂದಿನ ಗೇಟಿಗೂ ಇದ್ದ ದೂರ ಹತ್ತು ಮಾರು. ಆ ಹತ್ತು ಮಾರನ್ನು ಯಾವ ಟೇಪು ಅಳೆಯುತ್ತದೆ? ಹತ್ತಿರವಿರುವುದು ಬೇರೆ, ಸರಿಸಮ ಇರುವುದು ಬೇರೆ.

ನಾಲ್ಕನೆಯದಾಗಿ, ಸೂಚ್ಯಂಕ ಫಲವನ್ನು ಹೇಳುತ್ತದೆ, ಕ್ರಿಯೆಯನ್ನು ಹೇಳುವುದಿಲ್ಲ. ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು 1971ರಲ್ಲಿ ಒಂದು ಚಮತ್ಕಾರದ ಮಾದರಿ ಕೊಟ್ಟರು. ಚದುರಂಗದ ಹಾಸಿನ ಮೇಲೆ ಎರಡು ಬಗೆಯ ನಾಣ್ಯಗಳನ್ನಿಟ್ಟು, ಪ್ರತಿ ನಾಣ್ಯವೂ ತನ್ನ ಸುತ್ತ ತನ್ನಂಥವು ಸ್ವಲ್ಪ ಇದ್ದರೆ ಸಾಕು ಎಂದು ಬಯಸಿದರೂ, ಜಾಗ ಬದಲಿಸುತ್ತಾ ಹೋದಂತೆ ಕೊನೆಗೆ ಎರಡು ಬಗೆಯೂ ಪೂರ್ತಿ ಬೇರೆ ಬೇರೆ ಗುಂಪಾಗುತ್ತವೆ. ಯಾರಿಗೂ ದ್ವೇಷವಿಲ್ಲದೆಯೂ ಬೇರ್ಪಡೆ ಹುಟ್ಟಬಲ್ಲದು ಎಂಬುದು ಅದರ ಪಾಠ. ಜಾಣತನದ ಪಾಠ, ಒಪ್ಪೋಣ. ಸಂಘಟಿತ ತಾರತಮ್ಯ ಬೇರೆಯೇ ಇದೆ ಎಂಬುದನ್ನು ಅವರೂ ಮರೆತಿರಲಿಲ್ಲ. ಆದರೆ ಆ ಮಾದರಿಯನ್ನು ಎತ್ತಿಕೊಂಡು ‘ಜನ ತಮ್ಮ ತಮ್ಮವರೊಂದಿಗೆ ಇರಲು ಇಷ್ಟಪಡ್ತಾರೆ ಅಷ್ಟೆ’ ಎನ್ನುವವರು ಒಂದನ್ನು ಮರೆಯುತ್ತಾರೆ: ಶೆಲ್ಲಿಂಗರ ಹಾಸಿನ ಮೇಲೆ ಮನೆ ಮಾಲೀಕರಿಲ್ಲ. ಅಲ್ಲಿ ನಾಣ್ಯ ತಾನು ಬಯಸಿದ ಖಾಲಿ ಚೌಕಕ್ಕೆ ಹೋಗಿ ಕೂರುತ್ತದೆ. ‘ನೀವು ಯಾವ ಕಡೆಯವರು’ ಎಂದು ಚೌಕ ಅದನ್ನು ಕೇಳುವುದಿಲ್ಲ.

ಆ ಪ್ರಶ್ನೆಯ ಬಿಸಿ ಎಂಥದ್ದು ಎಂಬುದನ್ನು ಅಂಬೇಡ್ಕರ್ ಬರೆದಿಟ್ಟಿದ್ದಾರೆ. ಅಮೆರಿಕದಲ್ಲಿ ಓದಿ, 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅವರಿಗೆ ಇಡೀ ಊರಿನಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಗುಟ್ಟು ತಿಳಿದಾಗ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಡಿಸಿದರು. ಬರೋಡಾದ ಯಾವ ಸೂಚ್ಯಂಕದಲ್ಲೂ ಈ ಘಟನೆ ಕಾಣುವುದಿಲ್ಲ, ಏಕೆಂದರೆ ಅವರು ಆ ಊರಿನಲ್ಲಿ ಉಳಿಯಲೇ ಇಲ್ಲ. ಮನೆ ಸಿಗದೆ ಹಿಂತಿರುಗಿದವರು ಎಲ್ಲ ಅಳತೆಗಳಿಂದಲೂ ಜಾರಿಹೋಗುತ್ತಾರೆ. ಗಂಡ ಬಿಟ್ಟವಳು, ಒಬ್ಬಳೇ ಇರುವ ನರ್ಸು, ವರ್ಗವಾಗಿ ಬಂದ ಅವಿವಾಹಿತ ಟೀಚರು ಬಾಗಿಲಿಂದ ಬಾಗಿಲಿಗೆ ಅಲೆದು ಕೊನೆಗೆ ಅಕ್ಕನ ಮನೆಯ ಹಜಾರದಲ್ಲಿ ಮಂಚ ಹಾಕಿಕೊಂಡರೆ, ಜನಗಣತಿ ಅವರನ್ನು ಅಕ್ಕನ ಕುಟುಂಬದೊಳಗೆ ಸೇರಿಸಿ ಮುಂದೆ ಹೋಗುತ್ತದೆ.

ನಿರಾಕರಣೆಯನ್ನು ಅಳೆಯಲು ಬೇರೆ ದಾರಿ ಇದೆ. ಸುಖದೇವ್ ಥೋರಟ್ ಮತ್ತು ಸಂಗಡಿಗರು 2012ರಲ್ಲಿ ದೆಹಲಿ ಮತ್ತು ಸುತ್ತಲಿನ ಊರುಗಳಲ್ಲಿ, ಹೆಸರೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ಸಮಾನರಾದವರಿಂದ ಬಾಡಿಗೆ ಮನೆಗಳನ್ನು ಕೇಳಿಸಿದರು. 2015ರಲ್ಲಿ ಪ್ರಕಟವಾದ ಅದರ ಫಲಿತಾಂಶ ಸ್ಪಷ್ಟವಾಗಿತ್ತು: ಮೇಲ್ಜಾತಿಯ ಹೆಸರಿಗೆ ತೆರೆದ ಬಾಗಿಲು ದಲಿತ ಹೆಸರಿಗೆ ಅಷ್ಟು ಸುಲಭವಾಗಿ ತೆರೆಯಲಿಲ್ಲ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ತೆರೆದ ಕಡೆಯೂ ಹೆಚ್ಚು ಬಾಡಿಗೆ, ಹೆಚ್ಚು ಷರತ್ತು. ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಹೆಸರಿದೆ, ಬಾಡಿಗೆ ಮನೆಯ ಹೆಸರಿಲ್ಲ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದು ಸದಸ್ಯತ್ವವನ್ನು ತನ್ನ ಸಮುದಾಯಕ್ಕೆ ಸೀಮಿತಗೊಳಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ಚಿಕ್ಕ ಸಮುದಾಯಕ್ಕೆ ಕೊಟ್ಟ ಆ ಆಸರೆ ದೊಡ್ಡವರ ಕೈಯಲ್ಲಿ ಬೇಲಿಯಾಗದು ಎಂಬ ಭರವಸೆಯೇನೂ ಅದರಲ್ಲಿ ಇಲ್ಲ.

ಒಟ್ಟಾಗಿರುವುದೆಲ್ಲ ಕೇಡು ಎಂದೇನೂ ನಾನು ಹೇಳುತ್ತಿಲ್ಲ. ಮುಂಬಯಿಗೆ ಹೋದ ದಕ್ಷಿಣದವರು ಮಾಟುಂಗಾದಲ್ಲಿ ನೆಲೆಸಿದ್ದು ಬಾಳೆಎಲೆ, ಕಾಫಿಪುಡಿ, ತಮ್ಮ ಮಾತು ಸಿಗುತ್ತದೆ ಎಂಬ ಸುಖಕ್ಕೆ. ಬಾಣಂತಿಗೆ ನಡುರಾತ್ರಿ ಕಷಾಯ ಕಾಸಿಕೊಡುವವರು ಪಕ್ಕದಲ್ಲಿರಬೇಕು ಎಂಬ ಆಸೆ ಯಾವ ಹೆಣ್ಣಿಗಿಲ್ಲ? ಅಹಮದಾಬಾದಿನ ಜುಹಾಪುರಕ್ಕೆ ಗಲಭೆಗಳ ನಂತರ ಬಂದು ಸೇರಿದವರು ಹುಡುಕಿದ್ದು ಮಾತ್ರ ಸುಖವನ್ನಲ್ಲ, ಜೀವಭಯವಿಲ್ಲದ ನಿದ್ದೆಯನ್ನು. ಎರಡೂ ಕಡೆ ಸೂಚ್ಯಂಕ ಮೇಲೇರುತ್ತದೆ. ಮಾಟುಂಗಾದವರು ಬೇಕೆಂದಾಗ ಬೇರೆಡೆ ಮನೆ ಮಾಡಬಹುದು; ಜುಹಾಪುರದವರಿಗೆ ಬೇರೆಡೆ ಮನೆ ಸಿಗುವುದು ಕಷ್ಟ. ಬಿಟ್ಟು ಹೋಗುವ ಬಾಗಿಲು ತೆರೆದಿದೆಯೇ ಎಂಬುದೇ ನೆರೆಹೊರೆಗೂ ದೊಡ್ಡಿಗೂ ಇರುವ ವ್ಯತ್ಯಾಸ. ಅಂಕಿ ಆ ಬಾಗಿಲನ್ನು ತಟ್ಟಿ ನೋಡುವುದಿಲ್ಲ.

ಇಷ್ಟೆಲ್ಲ ತಕರಾರು ತೆಗೆದ ಮೇಲೆ ‘ಹಾಗಾದರೆ ಅಳೆಯುವುದೇ ಬೇಡ’ ಎಂದುಬಿಡುವುದು ಸುಲಭ. ಅದು ಅನುಕೂಲಸ್ಥರ ವೈರಾಗ್ಯ. ಅಳತೆ ಇಲ್ಲದಿದ್ದರೆ ‘ನಮ್ಮ ಬೀದಿಯಲ್ಲಿ ಅಂಥದ್ದೇನಿಲ್ಲ’ ಎಂಬ ಮಾತೇ ಕೊನೆಯ ಮಾತಾಗುತ್ತದೆ. ಇತ್ತೀಚೆಗೆ ಅಂಜಲಿ ಅಡುಕಿಯಾ, ಸ್ಯಾಮ್ ಆಷರ್, ಪಾಲ್ ನೊವೊಸಾಡ್ ಮೊದಲಾದವರು ದೇಶದ ಹಳ್ಳಿ-ನಗರಗಳ 15 ಲಕ್ಷ ನೆರೆಹೊರೆಗಳನ್ನು ಪರಿಶೀಲಿಸಿದ್ದಾರೆ. ದೇಶದ ಮುಸ್ಲಿಮರಲ್ಲಿ ನೂರಕ್ಕೆ 26 ಮಂದಿ, ಪರಿಶಿಷ್ಟ ಜಾತಿಯವರಲ್ಲಿ ನೂರಕ್ಕೆ 17 ಮಂದಿ ವಾಸಿಸುವುದು ತಮ್ಮವರೇ ನೂರಕ್ಕೆ 80ಕ್ಕಿಂತ ಹೆಚ್ಚಿರುವ ನೆರೆಹೊರೆಗಳಲ್ಲಿ. ಅಂಥ ನೆರೆಹೊರೆಗಳಲ್ಲಿ ಸರ್ಕಾರಿ ಶಾಲೆ, ಆಸ್ಪತ್ರೆಗಳೂ ಕಡಿಮೆ. ಈ ತಾರತಮ್ಯ ಜಿಲ್ಲೆ-ಜಿಲ್ಲೆಗಳ ನಡುವೆ ಕಾಣುವುದಿಲ್ಲ. ಒಂದೇ ನಗರದೊಳಗೆ, ಬೀದಿಯಿಂದ ಬೀದಿಗೆ ಕಾಣುತ್ತದೆ. ನಲ್ಲಿಯ ಕೊಳವೆ ಯಾವ ತಿರುವಿನವರೆಗೆ ಬಂದು ನಿಂತಿದೆ ಎಂಬುದು ಕೊಡ ಹೊರುವ ಹೆಂಗಸಿನ ಸೊಂಟಕ್ಕೆ ಮೊದಲೇ ಗೊತ್ತಿತ್ತು. ಆ ತಿಳಿವಳಿಕೆಗೆ ಕಚೇರಿಯಲ್ಲಿ ಬೆಲೆ ಬರಬೇಕಾದರೆ ಅಂಕಿಯ ಮೊಹರು ಬೇಕು.

1931ರ ನಂತರ ಎಲ್ಲ ಜಾತಿಗಳ ಲೆಕ್ಕ ದೇಶದ ಜನಗಣತಿಯಲ್ಲಿ ಪ್ರಕಟವಾಗಲಿಲ್ಲ. 2027ರ ಗಣತಿಯಲ್ಲಿ ಅದನ್ನು ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಎಷ್ಟು ಜನ ಎಂಬುದರ ಬಗ್ಗೆ ಚರ್ಚೆ ಬಿರುಸಾಗಿದೆ. ಎಲ್ಲಿದ್ದಾರೆ, ಅವರ ಬೀದಿಗೆ ಏನು ತಲುಪಿದೆ ಎಂಬುದರ ಬಗ್ಗೆ ಮಾತು ಕಡಿಮೆ. ಇಲ್ಲೊಂದು ಭಯವೂ ಇದೆ, ಅದನ್ನು ಮುಚ್ಚಿಡಬಾರದು. 1984ರಲ್ಲಿ ದೆಹಲಿಯ ಸಿಖ್ಖರ ಮನೆಗಳನ್ನು ಹುಡುಕಲು ಗುಂಪುಗಳು ಮತದಾರರ ಪಟ್ಟಿ ಹಿಡಿದು ಬಂದಿದ್ದವು ಎಂಬುದು ಬದುಕುಳಿದವರ ಸಾಕ್ಷ್ಯ. ಯಾರು ಎಲ್ಲಿದ್ದಾರೆ ಎಂಬ ಲೆಕ್ಕ ನ್ಯಾಯಕ್ಕೂ ಬರುತ್ತದೆ, ಬೆಂಕಿಗೂ ಬರುತ್ತದೆ. ಆದ್ದರಿಂದ ಮನೆಮನೆಯ ಗುರುತು ಗುಟ್ಟಾಗಿಯೇ ಉಳಿಯಬೇಕು. ಹೊರಗೆ ಬರಬೇಕಾದದ್ದು ಬ್ಲಾಕಿನ ಲೆಕ್ಕ, ಅದರ ಪಕ್ಕದಲ್ಲೇ ಆ ಬ್ಲಾಕಿನ ನಲ್ಲಿ, ಚರಂಡಿ, ಅಂಗನವಾಡಿ, ದೀಪದ ಕಂಬಗಳ ಲೆಕ್ಕ. ಹಲ್ ಹೌಸಿನ ಹೆಂಗಸರು ಒಂದೇ ಪುಸ್ತಕದೊಳಗೆ ಇಟ್ಟದ್ದು ಇಂಥ ಎರಡು ಲೆಕ್ಕಗಳನ್ನೇ.

ಗಣತಿಯವರು ಬರುವುದು ಹಗಲು ಹೊತ್ತಿನಲ್ಲಿ. ಬಾಗಿಲು ತೆರೆಯುವವರು, ಉತ್ತರ ಹೇಳುವವರು ಬಹುಮಟ್ಟಿಗೆ ನಾವೇ. ಅವರು ಕೇಳಿದ್ದಕ್ಕೆಲ್ಲ ಹೇಳಿ ಆದಮೇಲೆ ನಾವೂ ಒಂದು ಪ್ರಶ್ನೆ ಕೇಳಬಹುದು: ಈ ಲೆಕ್ಕವನ್ನು ವಾರ್ಡಿನ ಸೇರಿನಲ್ಲಿ ಅಳೆಯುತ್ತೀರೋ, ಬೀದಿಯ ಮೊಳದಲ್ಲೋ? ಆ ಪ್ರಶ್ನೆಗೆ ಗಣತಿದಾರರ ಬಳಿ ಉತ್ತರ ಇರಲಿಕ್ಕಿಲ್ಲ. ಪುರಸಭೆಯ ಬಾಗಿಲಿಗೆ ಹೋಗಿ ಕೇಳಬೇಕಾದೀತು.